ಅಕ್ಟೋಬರಿನ ಹಿಮ, ಡಿಸೆಂಬರಿನ ಕುಸಿತ

ಗಂಗಾವತಿ ಸೀಮೆಯಲ್ಲಿ ಭತ್ತದ ಕಟಾವಿನ ಮಷಿನ್‌ಗಳು ಗದ್ದೆಗೆ ಇಳಿಯುವ ಹೊತ್ತಿಗೆ ನನಗೆ ಒಂದೇ ಥರದ ಫೋನ್‌ಗಳು ಬರಲು ಶುರುವಾಗುತ್ತವೆ.

"ಅಣ್ಣಾ, ಡಿಸೆಂಬರ್ ಮೊದಲ್ನೇ ವಾರ ಮನಾಲಿ ಕಡೆ ಹೊಂಟೀವಿ. ಇನ್ನೂ ಹಿಮ ಕಮ್ಮಿ ಐತಂತ. ಹಂಗಂದ್ರ ಭಯ ಏನಿಲ್ಲಲ್ಲ?"

ಕೇಳುವವರು ಹೆಚ್ಚಾಗಿ ಸಾಣಾಪುರ, ಆನೆಗೊಂದಿ ಕಡೆಯ ಬಂಡೆಗಳ ಮೇಲೆ ಕೈ ಪಳಗಿಸಿಕೊಂಡ ಹುಡುಗ ಹುಡುಗಿಯರು. ಹೊರದೇಶದಿಂದ ಬಂದವರಿಗೆ ಬಿದ್ದರೆ ಏಟಾಗದಂತೆ ಕೆಳಗೆ ಹಾಸುವ ಕ್ರ್ಯಾಶ್ ಪ್ಯಾಡ್ ಹೊತ್ತು ದಾರಿ ತೋರಿಸುತ್ತಾ, ಅವರ ಜೊತೆಗೇ ಹತ್ತುತ್ತಾ ಕಲಿತವರು. ಕೆಲವರು ಬದಾಮಿಗೆ ಹೋಗಿ ಹಗ್ಗ ಕಟ್ಟಿ ಹತ್ತುವುದನ್ನೂ ಕಲಿತಿದ್ದಾರೆ. ಒಬ್ಬಿಬ್ಬರು ಮನಾಲಿಯಲ್ಲೋ ಉತ್ತರಕಾಶಿಯಲ್ಲೋ ಪರ್ವತಾರೋಹಣದ ಬೇಸಿಕ್ ಕೋರ್ಸ್ ಮುಗಿಸಿ ಬಂದಿದ್ದಾರೆ. ಈಗ ಅವರಿಗೆ ಸ್ಪಿತಿಯಲ್ಲಿ ಹೆಪ್ಪುಗಟ್ಟಿದ ಜಲಪಾತ ಹತ್ತಬೇಕು. ಇಲ್ಲವೇ ಸ್ಕೀ ಕಟ್ಟಿಕೊಂಡು, ರೋಪ್‌ವೇ ಇಲ್ಲದ ಬೆಟ್ಟವನ್ನು ತಾವೇ ಹತ್ತಿ ಇಳಿಯಬೇಕು. ಈ ಆಸೆ ನನಗೆ ಬಹಳ ಇಷ್ಟ. ಮೇ ತಿಂಗಳಲ್ಲಿ 42 ಡಿಗ್ರಿ ಕಾಯುವ ಊರಿನ ಮಕ್ಕಳು ಹಿಮದ ಬೆಟ್ಟದ ಕನಸು ಕಾಣುತ್ತಾರೆ ಅಂದರೆ ಸಣ್ಣ ಮಾತಲ್ಲ. ಆದರೆ "ಹಿಮ ಕಮ್ಮಿ, ಅದಕ್ಕೇ ಭಯ ಕಮ್ಮಿ" ಅನ್ನುವ ಅವರ ಲೆಕ್ಕ ತಪ್ಪು. ಆ ತಪ್ಪು ಲೆಕ್ಕಕ್ಕೆ ಹಿಮಕುಸಿತದಲ್ಲಿ ಜೀವ ಹೋದದ್ದಿದೆ. ಫೋನಿನಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಯುವ ವಿಷಯ ಇದಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ಈ ಲೆಕ್ಕ ಎಲ್ಲಿಂದ ಬರುತ್ತದೆ ಅನ್ನುವುದು ನನಗೆ ಗೊತ್ತು. ನಾವು ಗ್ರಾನೈಟ್ ನಾಡಿನವರು. ಸಾಣಾಪುರದ ಬಂಡೆಯಲ್ಲಿ ನಿನ್ನೆ ಬೆರಳಿಟ್ಟ ಅಂಚು ಇವತ್ತೂ ಅಲ್ಲೇ ಇರುತ್ತದೆ, ಮುಂದಿನ ವರ್ಷವೂ ಇರುತ್ತದೆ. ಮಳೆ ಬಂದರೆ ಜಾರುತ್ತದೆ, ಒಣಗಿದರೆ ಹಿಡಿಯುತ್ತದೆ. ಬಂಡೆಯ ಬಗ್ಗೆ ತಿಳಿಯಬೇಕಾದದ್ದೆಲ್ಲ ಅದರ ಮೈಮೇಲೇ ಇದೆ. ನೋಡಿದರೆ ಗೊತ್ತಾಗುತ್ತದೆ, ಮುಟ್ಟಿದರೆ ಖಾತ್ರಿಯಾಗುತ್ತದೆ. ಹಾಗೆ ಕಲಿತ ಕಣ್ಣು ಹಿಮದ ಇಳಿಜಾರನ್ನೂ ಮೇಲಿನಿಂದಲೇ ಓದಲು ಹೋಗುತ್ತದೆ. ಆದರೆ ಹಿಮದಲ್ಲಿ ಮೇಲೆ ಕಾಣುವುದು ಕೊನೆಯ ಎರಡು ದಿನದ ಸುದ್ದಿ ಅಷ್ಟೇ. ಅದರ ಅಡಿಯಲ್ಲಿ ಅಕ್ಟೋಬರಿನಿಂದ ಬಿದ್ದ ಒಂದೊಂದು ಹಿಮವೂ ಒಂದೊಂದು ಪದರವಾಗಿ ಕೂತಿರುತ್ತದೆ. ಇಳಿಜಾರಿನ ಹಿಮ ಕುಸಿಯುವುದನ್ನು ನಿರ್ಧರಿಸುವುದು ಹೆಚ್ಚಾಗಿ ಆ ಕಾಣದ ಪದರಗಳೇ.

ಹೋದ ಸಲ ನಾಲ್ಕೈದು ಹುಡುಗ ಹುಡುಗಿಯರು ಮನೆಗೇ ಬಂದಿದ್ದರು. ಮಾತಿನಲ್ಲಿ ಹೇಳಿದ್ದು ಯಾಕೋ ತಲೆಗೆ ಹೋಗುತ್ತಿಲ್ಲ ಅನ್ನಿಸಿ ಅಡುಗೆಮನೆಯಿಂದ ಮೊರ ತಂದೆ. ಅದರಲ್ಲಿ ಒಂದು ಪದರ ಬಿಳಿಜೋಳ ಹರಡಿದೆ. ಅದರ ಮೇಲೆ ಅವ್ವ ಮಾಡಿಟ್ಟಿದ್ದ ಒಂದು ಕಡಕ್ ರೊಟ್ಟಿ ಇಟ್ಟೆ. ಆಮೇಲೆ ಮೊರದ ಒಂದು ಬದಿಯನ್ನು ನಿಧಾನವಾಗಿ ಎತ್ತುತ್ತಾ ಹೋದೆ. ಸ್ವಲ್ಪ ದೂರ ಏನೂ ಆಗಲಿಲ್ಲ. ರೊಟ್ಟಿ ಗಟ್ಟಿಯಾಗಿ, ಆರಾಮಾಗಿ ಕೂತಿತ್ತು. ಒಂದು ಹಂತದಲ್ಲಿ ಎತ್ತುವುದನ್ನು ನಿಲ್ಲಿಸಿ, ಒಬ್ಬ ಹುಡುಗನಿಗೆ ರೊಟ್ಟಿಯ ಅಂಚಿಗೆ ಬೆರಳು ತಾಗಿಸು ಅಂದೆ. ಅವನು ಮೆಲ್ಲಗೆ ಮುಟ್ಟಿದ. ಅಡಿಯ ಜೋಳ ಉರುಳಿತು, ಇಡೀ ರೊಟ್ಟಿ ಒಂದೇ ಸಲಕ್ಕೆ ಜಾರಿ ನೆಲಕ್ಕೆ ಬಿತ್ತು. ಅವನು ಮುಟ್ಟಿದ್ದು ಒಂದು ಅಂಚನ್ನು, ಹೋದದ್ದು ಪೂರ್ತಿ ರೊಟ್ಟಿ. ಸುಮ್ನೆ ನಗುತ್ತಾ ಕೂತಿದ್ದವರೆಲ್ಲ ಆಗ ಮುಂದಕ್ಕೆ ಬಾಗಿ ನೋಡತೊಡಗಿದರು.

ಸ್ಲ್ಯಾಬ್ ಕುಸಿತ ಅಂದರೆ ಇದೇ. ಜನರನ್ನು ಕೊಲ್ಲುವ ಹಿಮಕುಸಿತಗಳಲ್ಲಿ ಹೆಚ್ಚಿನವು ಈ ಜಾತಿಯವು. ಮೇಲೊಂದು ಒತ್ತಾಗಿ ಅಂಟಿಕೊಂಡ ಹಿಮದ ಹಾಸು, ಅದರಡಿ ಒಂದಕ್ಕೊಂದು ಅಂಟದ ಸಡಿಲ ಹರಳುಗಳ ಪದರ. ಇಳಿಜಾರು 30ರಿಂದ 45 ಡಿಗ್ರಿ ಇದ್ದರೆ ಅದು ಕುಸಿತಕ್ಕೆ ಹೇಳಿ ಮಾಡಿಸಿದ ಜಾಗ. ದುರದೃಷ್ಟ ಏನೆಂದರೆ ಸ್ಕೀ ಮಾಡುವವರಿಗೆ ಖುಷಿ ಕೊಡುವ ಇಳಿಜಾರೂ ಅದೇ. ಸ್ಕೀ ಮಾಡುವವನ ಭಾರ ಮೇಲಿನ ಹಾಸನ್ನು ದಾಟಿ ಸಡಿಲ ಪದರಕ್ಕೆ ತಟ್ಟುತ್ತದೆ. ಅಲ್ಲಿ ಒಂದು ಬಿರುಕು ಹುಟ್ಟಿ ಕ್ಷಣದಲ್ಲಿ ಅಕ್ಕಪಕ್ಕಕ್ಕೆ ಓಡುತ್ತದೆ. ಹಾಸು ಒಡೆಯುವುದು ಎಷ್ಟೋ ಸಲ ಅವನ ತಲೆಯ ಮೇಲ್ಗಡೆ, ಆಗ ಅವನು ಜಾರುವ ಹಾಸಿನ ನಡುವೆ ಇರುತ್ತಾನೆ. ಸ್ಕೀ ಮತ್ತು ಪರ್ವತಾರೋಹಣದಲ್ಲಿ ಸಾವು ತಂದ ಕುಸಿತಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತನ್ನು ಶುರು ಮಾಡಿದ್ದು ಸಿಕ್ಕಿಬಿದ್ದವರೇ ಅಥವಾ ಅವರ ಜೊತೆಗಾರರೇ. ಬೆಟ್ಟ ತಾನಾಗಿ ಬಂದು ಮೇಲೆ ಬಿದ್ದದ್ದು ಕಮ್ಮಿ.

ಸರಿ, ಆ ಸಡಿಲ ಹರಳು ಬರುವುದು ಎಲ್ಲಿಂದ? ಸೀಸನ್ ಶುರುವಿನ ಗುಟ್ಟು ಇರುವುದು ಇಲ್ಲಿ.

ಅಕ್ಟೋಬರಿನಲ್ಲಿ ಎತ್ತರದ ಬೆಟ್ಟಗಳ ಮೇಲೆ ಒಂದು ಗೇಣು ಹಿಮ ಬೀಳುತ್ತದೆ ಅಂದುಕೊಳ್ಳಿ. ಆಮೇಲೆ ವಾರಗಟ್ಟಲೆ ಆಕಾಶ ತಿಳಿಯಾಗಿರುತ್ತದೆ. ಪ್ರವಾಸಿಗರು ಫೋಟೋ ತೆಗೆದು ಹಾಕುವ ಚೆಂದದ ನವೆಂಬರ್. ನೆಲ ಬೇಸಿಗೆಯ ಬಿಸಿಯನ್ನು ಇನ್ನೂ ಹಿಡಿದುಕೊಂಡಿರುವುದರಿಂದ ಹಿಮದ ತಳ ಹೆಚ್ಚುಕಮ್ಮಿ ಸೊನ್ನೆ ಡಿಗ್ರಿಯಲ್ಲೇ ಇರುತ್ತದೆ. ಮೋಡವಿಲ್ಲದ ರಾತ್ರಿಯಲ್ಲಿ ಮೇಲ್ಮೈ ಮೈನಸ್ 15ಕ್ಕೆ ಇಳಿಯಬಹುದು. ಹಿಮದ ದಪ್ಪ 30 ಸೆಂಟಿಮೀಟರ್ ಇದ್ದರೆ, ಪ್ರತಿ 10 ಸೆಂಟಿಮೀಟರಿಗೆ 5 ಡಿಗ್ರಿ ವ್ಯತ್ಯಾಸ ಆಯಿತು. 10 ಸೆಂಟಿಮೀಟರಿಗೆ ಸುಮಾರು 1 ಡಿಗ್ರಿ ದಾಟಿದರೆ ಸಾಕು, ಹಿಮದ ಒಳಗೆ ನೀರಾವಿ ಜೋರಾಗಿ ಕೆಳಗಿನಿಂದ ಮೇಲಕ್ಕೆ ಹೋಗತೊಡಗುತ್ತದೆ. ಹಳೆಯ ಕಣಗಳು ಕರಗದೆಯೇ ಆವಿಯಾಗಿ, ಮತ್ತೆ ಚೂಪು ಮೂಲೆಗಳ, ದೊಡ್ಡ ದೊಡ್ಡ ಹರಳುಗಳಾಗಿ ಬೆಳೆಯುತ್ತವೆ. ಇವು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ.

ಇದೇ ರಾತ್ರಿ, ಇದೇ ಚಳಿ, ಆದರೆ ಹಿಮ ಎರಡು ಮೀಟರ್ ದಪ್ಪ ಇದೆ ಅನ್ನಿ. ಆಗ ವ್ಯತ್ಯಾಸ 10 ಸೆಂಟಿಮೀಟರಿಗೆ 1 ಡಿಗ್ರಿಯೂ ಇಲ್ಲ. ಕಣಗಳು ದುಂಡಗಾಗಿ, ನಿಧಾನವಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಅಂದರೆ ತೆಳು ಹಿಮವೇ ತನ್ನನ್ನು ತಾನು ಸಡಿಲ ಮಾಡಿಕೊಳ್ಳುತ್ತದೆ. ಹಿಮ ಕಮ್ಮಿ ಅಂದರೆ ಭಯ ಕಮ್ಮಿ ಅನ್ನುವ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ. ಲಡಾಖ್, ಸ್ಪಿತಿಯಂಥ ಒಣಚಳಿಯ, ತೆಳು ಹಿಮದ ಜಾಗಗಳಲ್ಲಿ ಈ ತೊಂದರೆ ಇನ್ನೂ ಜಾಸ್ತಿ.

ಇದರಲ್ಲಿ ಮೋಸ ಹೋಗುವ ಜಾಗ ಇನ್ನೊಂದಿದೆ. ಬಿಸಿಲು ಬೀಳುವ ದಕ್ಷಿಣದ ಇಳಿಜಾರಿನಲ್ಲಿ ಅಕ್ಟೋಬರಿನ ಹಿಮ ನವೆಂಬರಿನೊಳಗೆ ಕರಗಿಹೋಗುತ್ತದೆ. ಬರೀ ನೆಲ, ಒಣ ಹುಲ್ಲು. ಉತ್ತರಕ್ಕೆ ಮುಖ ಮಾಡಿದ ನೆರಳಿನ ಇಳಿಜಾರಿನಲ್ಲಿ, ಕೊರಕಲುಗಳಲ್ಲಿ ಅದು ಹಾಗೇ ಉಳಿದಿರುತ್ತದೆ. ಡಿಸೆಂಬರಿನಲ್ಲಿ ಪಶ್ಚಿಮದಿಂದ ದೊಡ್ಡ ಮಳೆಮಾರುತ ಬಂದು ಅರ್ಧ ಮೀಟರ್ ಹೊಸ ಹಿಮ ಸುರಿದರೆ, ದಕ್ಷಿಣದಲ್ಲಿ ಅದು ಬರೀ ನೆಲದ ಮೇಲೆ ಕೂರುತ್ತದೆ. ಉತ್ತರದಲ್ಲಿ ಹರಳಿನ ಪದರದ ಮೇಲೆ ಕೂರುತ್ತದೆ. ಸ್ಕೀ ಹೊತ್ತು ಬಂದವನು ಯಾವುದನ್ನು ಆರಿಸಿಕೊಳ್ಳುತ್ತಾನೆ? ಉತ್ತರದ ಇಳಿಜಾರನ್ನೇ. ಅಲ್ಲಿ ಹಿಮ ಜಾಸ್ತಿ, ಕಲ್ಲು ತಾಗುವುದಿಲ್ಲ, ಹಿಮ ಪುಡಿಪುಡಿಯಾಗಿ ಚೆನ್ನಾಗಿರುತ್ತದೆ. ಸೀಸನ್ ಶುರುವಿನಲ್ಲಿ ಆಡಲು ಯೋಗ್ಯವಾಗಿ ಕಾಣುವ ಜಾಗವೇ ಅತಿ ಕೆಟ್ಟ ತಳಪಾಯದ ಜಾಗ. ಇಷ್ಟು ಗೊತ್ತಾದರೆ ಅರ್ಧ ಪಾಠ ಆದಂತೆಯೇ.

ಮನಾಲಿಯ ಮೇಲ್ಗಡೆ ಒಂದು ನೆರಳಿನ ಇಳಿಜಾರಿನಲ್ಲಿ ಅಲ್ಲಿನ ಗೈಡ್ ಒಬ್ಬರು ನನಗೆ ಇದನ್ನು ಕೈಯಾರೆ ಮುಟ್ಟಿಸಿದ್ದರು. ಸೊಂಟಮಟ್ಟದ ಗುಂಡಿ ತೋಡಿ, ಅದರ ಮೇಲ್ಬದಿಯ ಗೋಡೆಯನ್ನು ಸಲಿಕೆಯಿಂದ ನುಣ್ಣಗೆ ಕೆತ್ತಿದರು. ಆಮೇಲೆ ಮೇಲಿನಿಂದ ಕೆಳಕ್ಕೆ ಒತ್ತಿ ನೋಡು ಅಂದರು. ಮೇಲಿನ ಹಿಮಕ್ಕೆ ಇಡೀ ಮುಷ್ಟಿ ಹೋಯಿತು. ಅದರ ಕೆಳಗೆ ನಾಲ್ಕು ಬೆರಳು. ಇನ್ನೂ ಕೆಳಗೆ ಒಂದೇ ಬೆರಳು, ಅದೂ ಜೋರಾಗಿ ಒತ್ತಿದ ಮೇಲೆ. ಇಲ್ಲಿಯವರೆಗೆ ಕೆಳಗೆ ಹೋದಷ್ಟೂ ಗಟ್ಟಿ, ಮನಸ್ಸಿಗೆ ಸಮಾಧಾನ. ನೆಲಕ್ಕೆ ಒಂದು ಗೇಣು ಇರುವಾಗ ಕೈ ಇಟ್ಟೆ, ಮುಷ್ಟಿ ಮಣಿಕಟ್ಟಿನವರೆಗೆ ಒಳಗೆ ಹೋಯಿತು. ಕೈ ಹೊರಗೆ ತೆಗೆದಾಗ ಆ ಪದರದ ಹರಳುಗಳು ಗೋಡೆಯಿಂದ ತಾವಾಗಿ ಸುರಿಯುತ್ತಿದ್ದವು. ಗೈಡ್ ಕಪ್ಪು ಕಾರ್ಡಿನ ಮೇಲೆ ಒಂದಿಷ್ಟು ಹಿಡಿದು ಭೂತಗನ್ನಡಿ ಕೊಟ್ಟರು. ಒಂದೊಂದು ಹರಳೂ ಮೂರ್ನಾಲ್ಕು ಮಿಲಿಮೀಟರ್. ಮೈಮೇಲೆ ಮೆಟ್ಟಿಲುಗಳಂಥ ಗೆರೆ. ಗ್ಲೌಸ್ ಹಾಕಿದ ಕೈಯಲ್ಲಿ ಹಿಂಡಿದರೂ ಉಂಡೆ ಆಗಲಿಲ್ಲ. ಮೇಲೆ ನಿಂತು ನೋಡಿದರೆ ಬೆಳ್ಳಗೆ, ಶಾಂತವಾಗಿ ಇದ್ದ ಇಳಿಜಾರು ಅದು. ನಾವು ಅಲ್ಲಿಂದಲೇ ವಾಪಸ್ ಇಳಿದೆವು.

ಗುಂಡಿ ತೋಡುವ ಪರೀಕ್ಷೆಗಳನ್ನು ಕಲಿಯಿರಿ, ಖಂಡಿತ ಕಲಿಯಿರಿ. ಒಂದು ಅಡಿ ಅಗಲದ ಹಿಮದ ಕಂಬ ಕಡಿದು, ಅದರ ಮೇಲೆ ಸಲಿಕೆ ಇಟ್ಟು, ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು ಸಲ ತಟ್ಟುವುದು ಒಂದು ಪರೀಕ್ಷೆ. ಎಷ್ಟನೇ ತಟ್ಟಿಗೆ, ಯಾವ ಪದರದಲ್ಲಿ, ಹೇಗೆ ಮುರಿಯಿತು ಅಂತ ನೋಡುತ್ತಾರೆ. ಆದರೆ ಒಂದು ಗುಂಡಿಯಲ್ಲಿ ಚೆನ್ನಾಗಿ ಕಂಡಿತು ಅಂತ ಇಡೀ ಬೆಟ್ಟಕ್ಕೆ ಸರ್ಟಿಫಿಕೇಟ್ ಕೊಡಬೇಡಿ. ಹತ್ತು ಹೆಜ್ಜೆ ಆಚೆ ಬೇರೆ ಕಥೆ ಇರಬಹುದು. ಪರೀಕ್ಷೆ "ಹೋಗಬೇಡ" ಅಂದರೆ ಹೋಗಬೇಡಿ. "ಹೋಗು" ಅಂದರೂ ಇನ್ನೊಮ್ಮೆ ಯೋಚಿಸಿ.

ಸೀಸನ್ ಶುರುವಿನ ಕುಸಿತ ಅಂದಾಗ ನನಗೆ ಮೊದಲು ನೆನಪಾಗುವುದು 2022ರ ಅಕ್ಟೋಬರ್ 4. ಇಲ್ಲಿ ಮನೆಮನೆಯಲ್ಲಿ ಆಯುಧಪೂಜೆ ನಡೆಯುತ್ತಿದ್ದ ದಿನ. ಉತ್ತರಾಖಂಡದ ದ್ರೌಪದಿ ಕಾ ಡಾಂಡಾ–2 ಶಿಖರದ ಹತ್ತಿರ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡವೊಂದು ಕುಸಿತಕ್ಕೆ ಸಿಕ್ಕಿತು. 29 ಜನ ತೀರಿಕೊಂಡರು. ಕರ್ನಾಟಕದಿಂದ ತರಬೇತಿಗೆ ಹೋದವರೂ ಅವರಲ್ಲಿದ್ದರು. ಬೋಧಕಿಯಾಗಿದ್ದ ಸವಿತಾ ಕನ್ಸ್ವಾಲ್ ಅದೇ ವರ್ಷದ ಮೇ ತಿಂಗಳಲ್ಲಿ ಎವರೆಸ್ಟ್ ಮತ್ತು ಮಕಾಲು ಎರಡನ್ನೂ 16 ದಿನಗಳ ಅಂತರದಲ್ಲಿ ಹತ್ತಿದ್ದವರು. ಅದು ಚಳಿಗಾಲವೂ ಅಲ್ಲ. ನಮ್ಮಲ್ಲಿ ಎಲ್ಲರೂ "ಟ್ರೆಕ್ಕಿಂಗಿಗೆ ಒಳ್ಳೆ ಟೈಮ್" ಅನ್ನುವ ಅಕ್ಟೋಬರ್.

ಅದಕ್ಕೂ ಮುಂಚೆ, 2014ರ ಅಕ್ಟೋಬರ್. ಬಂಗಾಳಕೊಲ್ಲಿಯಲ್ಲಿ ಎದ್ದ ಹುದ್‌ಹುದ್ ಚಂಡಮಾರುತ 12ನೇ ತಾರೀಖು ವಿಶಾಖಪಟ್ಟಣಕ್ಕೆ ಬಡಿಯಿತು. ಕೊಲ್ಲಿಯಲ್ಲಿ ಚಂಡಮಾರುತ ಅಂದರೆ ರಾಯಚೂರು, ಕೊಪ್ಪಳದ ರೈತರು ಕೊಯ್ದ ಬೆಳೆಗೆ ತಾಡಪಾಲು ಹುಡುಕುತ್ತಾರೆ. ಅದರ ಉಳಿದ ಮೋಡ ಉತ್ತರಕ್ಕೆ ಹೋಗಿ ಎರಡೇ ದಿನದಲ್ಲಿ ನೇಪಾಳದ ಅನ್ನಪೂರ್ಣಾ ಸರ್ಕ್ಯೂಟ್ ಅನ್ನುವ ಚಾರಣದ ದಾರಿಯ ಮೇಲೆ, 5,416 ಮೀಟರ್ ಎತ್ತರದ ಥೊರಾಂಗ್ ಲಾ ಕಣಿವೆದಾರಿಯ ಸುತ್ತಮುತ್ತ ಹಿಮವಾಗಿ ಸುರಿಯಿತು. ಬಿರುಗಾಳಿ ಮತ್ತು ಕುಸಿತಕ್ಕೆ ಸಿಕ್ಕಿ 40ಕ್ಕೂ ಹೆಚ್ಚು ಜನ ಸತ್ತರು. ಆದ್ದರಿಂದ ಹೊರಡುವ ಮುಂಚೆ ಮನಾಲಿಯ ಹವಾಮಾನ ಒಂದನ್ನೇ ನೋಡಿ ಸುಮ್ಮನಾಗಬೇಡಿ. ಕೊಲ್ಲಿಯ ಸುದ್ದಿಯನ್ನೂ ಕೇಳಿ.

ಇನ್ನು ಗಾಳಿ. ರಸ್ತೆ ಬದಿ ಒಂದು ಗೇಣು ಹಿಮ ನೋಡಿ "ಇಷ್ಟೇ" ಅಂದುಕೊಳ್ಳುವುದು ಸಹಜ. ಆದರೆ ಗಾಳಿ ಬೆಟ್ಟದ ನೆತ್ತಿಯನ್ನು ಗುಡಿಸಿ, ಆ ಹಿಮವನ್ನೆಲ್ಲ ಆಚೆಬದಿಯ ಇಳಿಜಾರಿಗೆ, ಕೊರಕಲಿಗೆ ತುಂಬುತ್ತದೆ. ಆಕಾಶದಿಂದ ಬೀಳುವುದಕ್ಕಿಂತ ಹಲವು ಪಟ್ಟು ವೇಗವಾಗಿ ತುಂಬುತ್ತದೆ. ಕೆಳಗೆ ಒಂದು ಗೇಣು ಇದ್ದಾಗ ಮೇಲಿನ ಕೊರಕಲಲ್ಲಿ ಎದೆಮಟ್ಟ ಇರಬಹುದು. ಗಾಳಿ ಒತ್ತಿದ ಹಿಮ ಗಟ್ಟಿಯಾಗಿ ಹಾಸಿನ ಥರ ಕೂರುತ್ತದೆ. ಉಳಿದೆಲ್ಲ ಕಡೆ ಕಲ್ಲು, ಹುಲ್ಲು ಕಾಣುತ್ತಿರುವಾಗ ಸ್ಕೀ ಹೊತ್ತವರೆಲ್ಲ ಹುಡುಕಿಕೊಂಡು ಹೋಗುವುದು ಅದೇ ತುಂಬಿದ ಜಾಗಗಳಿಗೆ. ಹಿಮದ ಮೇಲೆ ಗಾಳಿಯ ಅಲೆಗಳು ಕಂಡರೆ, ನೆತ್ತಿಯ ಅಂಚಿನಲ್ಲಿ ಹಿಮ ಚಾಚಿಕೊಂಡು ನಿಂತಿದ್ದರೆ, ಅದರ ಕೆಳಗಿನ ಇಳಿಜಾರು ನಮಗೆ ಬೇಡ.

ಮತ್ತೆ ಕಲ್ಲು. ತುಂಬ ಹಿಮ ಇರುವಾಗ ಚಿಕ್ಕ ಕುಸಿತ ಸಿಕ್ಕರೆ ಕೆಲವೊಮ್ಮೆ ಉರುಳಿ, ಎದ್ದು, ಮೈ ಕೊಡವಿಕೊಂಡು ಬರಬಹುದು. ಸೀಸನ್ ಶುರುವಿನಲ್ಲಿ ಆ ಅವಕಾಶ ಕಮ್ಮಿ. ಬಂಡೆ, ಮರದ ಬುಡ, ಪೊದೆ ಯಾವುದೂ ಇನ್ನೂ ಮುಚ್ಚಿರುವುದಿಲ್ಲ. ಕುಸಿತ ನಮ್ಮನ್ನು ಅವುಗಳ ಮೇಲೆ ಎಳೆದುಕೊಂಡು ಹೋಗುತ್ತದೆ. ಕೆನಡಾದಲ್ಲಿ ಹಿಮಕುಸಿತದ ಸಾವುಗಳನ್ನು ಪರಿಶೀಲಿಸಿದಾಗ ಸುಮಾರು ಕಾಲು ಭಾಗಕ್ಕೆ ಕಾರಣ ಉಸಿರುಗಟ್ಟುವುದಲ್ಲ, ಏಟು ಅಂತ ಗೊತ್ತಾಗಿದೆ. ಕುಸಿತ ಚಿಕ್ಕದಾದರೂ ಅದು ಎಲ್ಲಿಗೆ ತಳ್ಳುತ್ತದೆ ಅನ್ನುವುದೇ ಮುಖ್ಯ. 2022ರ ಸೆಪ್ಟೆಂಬರ್ 26ರಂದು ನೇಪಾಳದ 8,163 ಮೀಟರಿನ ಮನಸ್ಲು ಶಿಖರದಿಂದ ಸ್ಕೀ ಮಾಡುತ್ತಾ ಇಳಿಯುತ್ತಿದ್ದ ಅಮೆರಿಕದ ಹಿಲರಿ ನೆಲ್ಸನ್ ತೀರಿಕೊಂಡರು. ಎವರೆಸ್ಟ್ ಪಕ್ಕದ ಲೋತ್ಸೆ ಶಿಖರದ ತುದಿಯಿಂದ ಸ್ಕೀಯಲ್ಲಿ ಇಳಿದ ಮೊದಲಿಗರಲ್ಲಿ ಒಬ್ಬರು ಅವರು. ಅವರನ್ನು ತಳ್ಳಿದ್ದು ಚಿಕ್ಕ ಕುಸಿತ. ಕೆಳಗೆ ಇದ್ದದ್ದು ಪ್ರಪಾತ.

ಐಸ್ ಹತ್ತುವವರಿಗೆ ಈ ಮಾತು ಇನ್ನೂ ಹತ್ತಿರದ್ದು. ನಮ್ಮ ಹುಡುಗರಲ್ಲಿ ಸ್ಕೀಗಿಂತ ಐಸ್ ಕಡೆ ಒಲವು ಜಾಸ್ತಿ, ಬಂಡೆ ಹತ್ತಿದ ಕೈಗೆ ಅದು ಬೇಗ ಒಲಿಯುತ್ತದೆ. ಅವರಲ್ಲಿ ಒಂದು ನಂಬಿಕೆ ನೋಡಿದ್ದೇನೆ. "ನಾವು ಹಿಮದ ಮೇಲೆ ಹೋಗಂಗಿಲ್ಲಲ್ಲಣ್ಣಾ. ಐಸ್ ಅಂದ್ರ ಗಟ್ಟಿ. ಕುಸಿತ ಅವರಿಗೆ, ಸ್ಕೀ ಮಾಡೋರಿಗೆ."

ತಮ್ಮಾ, ಹೆಪ್ಪುಗಟ್ಟಿದ ಜಲಪಾತ ಎಲ್ಲಿರುತ್ತದೆ ಅಂತ ಒಂದು ನಿಮಿಷ ಯೋಚಿಸು. ನೀರು ಹರಿದು ಬರುವ ದಾರಿಯಲ್ಲಿ. ಮೇಲಿನ ಬೆಟ್ಟದ ನೀರೆಲ್ಲ ಬಂದು ಸೇರುವ ಕೊರಕಲಿನಲ್ಲಿ. ನೀರು ಬರುವ ದಾರಿಯಲ್ಲೇ ಹಿಮವೂ ಬರುತ್ತದೆ. ಬುಡದಲ್ಲಿ ನಿಂತರೆ ನಿನಗೆ ಕಾಣುವುದು ನೀಲಿ ಐಸ್ ಮಾತ್ರ. ಅದರ ಮೇಲೆ, ಕಣ್ಣಿಗೆ ಬೀಳದ ಕಡೆ, ಒಂದು ದೊಡ್ಡ ಬೋಗುಣಿಯಷ್ಟು ಇಳಿಜಾರು ಹಿಮ ತುಂಬಿಕೊಂಡು ಕೂತಿರಬಹುದು. ಅಲ್ಲಿ ಬೆಳಿಗ್ಗೆ ಹತ್ತಕ್ಕೆ ಬಿಸಿಲು ಬಿದ್ದರೆ ನೆರಳಿನಲ್ಲಿರುವ ನಿನಗೆ ಗೊತ್ತೇ ಆಗುವುದಿಲ್ಲ. ಎರಡು ಐಸ್ ಆಕ್ಸ್, ಬೂಟಿಗೆ ಕಟ್ಟುವ ಎರಡು ಕ್ರ್ಯಾಂಪಾನ್ ಮೊನೆ, ಇಷ್ಟರ ಮೇಲೆ ನೇತಾಡುವವನನ್ನು ಕೆಡವಲು ಮನೆ ಮುಚ್ಚುವಷ್ಟು ಹಿಮ ಬೇಕಿಲ್ಲ. ಎರಡು ಬುಟ್ಟಿ ಸಾಕು. ಕೆಳಗೆ ಬಿಲೇ ಕೊಡುವವನಂತೂ, ಅಂದರೆ ಹತ್ತುವವನ ಹಗ್ಗ ಹಿಡಿದು ಕಾಯುವವನು, ಹಗ್ಗಕ್ಕೆ ಕಟ್ಟಿಕೊಂಡೇ ನಿಂತಿರುತ್ತಾನೆ. ಓಡುವುದೆಲ್ಲಿಗೆ? ಕೊರಕಲು ಕಿರಿದಾದ್ದರಿಂದ ಸ್ವಲ್ಪ ಹಿಮವೇ ಕೆಳಗೆ ಆಳವಾಗಿ ತುಂಬಿಬಿಡುತ್ತದೆ.

ಐಸ್ ಹತ್ತುವವರು ಸಿಕ್ಕಿಬೀಳುವುದು ಎಷ್ಟೋ ಸಲ ಐಸ್ ಮೇಲೇ ಅಲ್ಲ. ಬುಡಕ್ಕೆ ನಡೆದು ಹೋಗುವ ದಾರಿಯಲ್ಲಿ, ಎರಡು ಹಂತದ ಐಸ್ ನಡುವಿನ ಹಿಮದ ತುಣುಕಿನಲ್ಲಿ, ಇಲ್ಲವೇ ಕಷ್ಟದ ಭಾಗ ಮುಗಿದು "ಆಯ್ತು" ಅಂತ ಮೇಲಿನ ಇಳಿಜಾರಿಗೆ ಕಾಲಿಡುವಾಗ. ಗೀ ಲಸೆಲ್ ಅನ್ನುವ ಕೆನಡಾದ ಕ್ಲೈಂಬರ್ ಒಬ್ಬರಿದ್ದರು. ಹಗ್ಗವಿಲ್ಲದೆ ಒಂಟಿಯಾಗಿ ಐಸ್ ಹತ್ತುವುದರಲ್ಲಿ ಜಗತ್ತಿಗೇ ಹೆಸರಾದವರು. 2009ರ ಡಿಸೆಂಬರ್ 10ರಂದು ಅಮೆರಿಕದ ಮೊಂಟಾನಾದ ಹಯಲೈಟ್ ಕಣಿವೆಯಲ್ಲಿ, ಮೇಲಿದ್ದ ಬೇರೆ ಕ್ಲೈಂಬರ್‌ಗಳ ಕಾಲ ಕೆಳಗೆ ಒಂದು ಸಣ್ಣ ಸ್ಲ್ಯಾಬ್ ಬಿಟ್ಟುಕೊಂಡು ಕೊರಕಲಿನಲ್ಲಿ ಇಳಿದು ಅವರನ್ನು ಹೊತ್ತೊಯ್ಯಿತು. ಡಿಸೆಂಬರ್ 10 ಅಂದರೆ ಅಲ್ಲಿಗೆ ಸೀಸನ್ ಇನ್ನೂ ಎಳೆಯದು. ಅವರ ಕೌಶಲಕ್ಕೆ ಏನೂ ಕೊರತೆ ಇರಲಿಲ್ಲ. ಅಪಾಯ ಇದ್ದದ್ದು ತಲೆಯ ಮೇಲೆ.

ಅದಕ್ಕೇ ಐಸ್ ಆರಿಸುವ ಮುಂಚೆ ನಕ್ಷೆ ನೋಡಿ. ಜಲಪಾತದ ಮೇಲೆ ಏನಿದೆ? ಎಷ್ಟು ದೊಡ್ಡ ಇಳಿಜಾರು, ಯಾವ ದಿಕ್ಕಿಗೆ, ಎಷ್ಟು ಡಿಗ್ರಿ? ಮೊನ್ನೆ ಗಾಳಿ ಯಾವ ಕಡೆಯಿಂದ ಬೀಸಿತ್ತು? ನಮಗಿಂತ ಮೇಲೆ ಬೇರೆ ಯಾರಾದರೂ ಇದ್ದಾರಾ? ಬಿಲೇ ನಿಲ್ಲುವ ಜಾಗ ನೀರಿನ ದಾರಿಯಿಂದ ಪಕ್ಕಕ್ಕೆ, ಚಾಚಿದ ಬಂಡೆಯ ಅಡಿಗೆ ಇರಲಿ. ಬುಡದಲ್ಲಿ ಕೂತು ಚಹಾ ಕುಡಿಯುವ ಆಸೆ ಬೇಡ, ಊಟ ತಿಂಡಿ ಕೊರಕಲಿನಿಂದ ಆಚೆ ಬಂದ ಮೇಲೆ.

ಹಿಮದಡಿ ಸಿಕ್ಕವರ ಮಾತು ಬಂದಾಗ ನಮ್ಮ ಕಡೆ ಎಲ್ಲರೂ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೆನೆಯುತ್ತಾರೆ. ಕುಂದಗೋಳ ತಾಲ್ಲೂಕಿನ ಬೆಟದೂರಿನವರು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಆರು ದಿನ ಆದ ಮೇಲೆ, 25 ಅಡಿಗೂ ಆಳದಿಂದ, ಹನುಮಂತಪ್ಪ ಅವರನ್ನು ಜೀವಂತ ತೆಗೆದರು. ಇಡೀ ಉತ್ತರ ಕರ್ನಾಟಕ ಆಗ ದೇವರಿಗೆ ಹರಕೆ ಹೊತ್ತಿತ್ತು. ಫೆಬ್ರವರಿ 11ಕ್ಕೆ ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಆ ದಿನ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಟಿವಿ ಆರಲಿಲ್ಲ.

ಆ ನೆನಪು ನಮಗೆ ದೊಡ್ಡದು. ಆದರೆ ಅದರಿಂದ ಒಂದು ತಪ್ಪು ತಿಳಿವಳಿಕೆಯೂ ಉಳಿದುಕೊಂಡಿದೆ. "ಹನುಮಂತಪ್ಪ ಆರು ದಿನ ಇದ್ದರಲ್ರೀ, ಹುಡುಕಿ ತೆಗೀತಾರ ಬಿಡ್ರಿ" ಅಂತ ಒಬ್ಬ ಹುಡುಗನ ಅಪ್ಪನೇ ನನಗೆ ಹೇಳಿದ್ದಾರೆ. ಹನುಮಂತಪ್ಪ ಅವರು ಗುಡಾರದೊಳಗಿದ್ದರು, ಸುತ್ತ ಉಸಿರಾಡಲು ಗಾಳಿಯ ಜಾಗ ಉಳಿದಿತ್ತು. ಬಯಲಿನಲ್ಲಿ ಕುಸಿತಕ್ಕೆ ಸಿಕ್ಕವನಿಗೆ ಆ ಭಾಗ್ಯ ಇಲ್ಲ. ಕುಸಿತ ನಿಂತ ಕೂಡಲೇ ಹಿಮ ಗಟ್ಟಿಯಾಗುತ್ತದೆ, ಕೈ ಅಲ್ಲಾಡಿಸಲೂ ಆಗುವುದಿಲ್ಲ. ಬಿಟ್ಟ ಉಸಿರಿನ ಕೆಟ್ಟ ಗಾಳಿಯೇ ಬಾಯಿಯ ಮುಂದೆ ಉಳಿಯುತ್ತದೆ. ಪೂರ್ತಿ ಹೂತವರನ್ನು ಹತ್ತು ಹದಿನೈದು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಜನ ಬದುಕುತ್ತಾರೆ. 35 ನಿಮಿಷ ದಾಟಿದರೆ ಮೂರರಲ್ಲಿ ಒಬ್ಬರು ಉಳಿಯುವುದೂ ಕಷ್ಟ. ಹೆಲಿಕಾಪ್ಟರ್, ಸೇನೆ, ಪೊಲೀಸ್ ಯಾರೂ ಅಷ್ಟರಲ್ಲಿ ಬರುವುದಿಲ್ಲ. ಸೀಸನ್ ಶುರುವಿನಲ್ಲಿ ಅಕ್ಕಪಕ್ಕ ಬೇರೆ ತಂಡವೂ ಇರುವುದಿಲ್ಲ. ಪಕ್ಕದಲ್ಲಿರುವ ಗೆಳೆಯನೇ ತೆಗೆಯಬೇಕು.

ಅದಕ್ಕೆ ಮೂರು ಸಾಮಾನು ಬೇಕು, ಮೂರೂ ಪ್ರತಿಯೊಬ್ಬರ ಹತ್ತಿರ ಇರಬೇಕು. 457 ಕಿಲೋಹರ್ಟ್ಸ್‌ನಲ್ಲಿ ಸಿಗ್ನಲ್ ಬಿಡುವ, ಬೇರೆಯವರ ಸಿಗ್ನಲ್ ಹಿಡಿಯುವ ಟ್ರಾನ್ಸ್‌ಸೀವರ್, ಹಿಮಕ್ಕೆ ಚುಚ್ಚಿ ಹುಡುಕುವ, ಮಡಚುವ ಉದ್ದನೆಯ ಕೋಲು ಅಂದರೆ ಪ್ರೋಬ್, ಲೋಹದ ಸಲಿಕೆ. ಕೊಳ್ಳಲು ದುಬಾರಿ ನಿಜ, ಆದರೆ ಗುಲ್ಮಾರ್ಗ್‌ನಲ್ಲಿ ಬಾಡಿಗೆಗೂ ಸಿಗುತ್ತವೆ. ಐಸ್ ಹತ್ತುವವರು "ಭಾರ ಆಗ್ತೈತಿ" ಅಂತ ಇವನ್ನು ಬಿಟ್ಟು ಹೋಗುವುದು ಜಾಸ್ತಿ. ಬಿಡಬೇಡಿ.

ಬರೀ ಇದ್ದರೂ ಸಾಲದು, ಕೈಗೆ ರೂಢಿಯಾಗಿರಬೇಕು. ಅದಕ್ಕೆ ಹಿಮ ಬೇಕಿಲ್ಲ. ಕಟಾವಾದ ಗದ್ದೆಯಲ್ಲಿ ಭತ್ತದ ಹುಲ್ಲು ಹರಡಿರುತ್ತದೆ ಅಲ್ವಾ, ನಾವು ಅಲ್ಲೇ ಅಭ್ಯಾಸ ಮಾಡುತ್ತೇವೆ. ಒಬ್ಬರು ಟ್ರಾನ್ಸ್‌ಸೀವರನ್ನು ಗೋಣಿಚೀಲಕ್ಕೆ ಹಾಕಿ ಹುಲ್ಲಿನಡಿ ಮುಚ್ಚಿಡುತ್ತಾರೆ. ಉಳಿದವರು ಬದುವಿನ ಆಚೆಯಿಂದ ಓಡಿ ಬರಬೇಕು. ಮೊದಲು ಬೇಗ ಬೇಗ ನಡೆದು ಸಿಗ್ನಲ್ ಹಿಡಿಯುವುದು. ಯಂತ್ರ ತೋರಿಸುವ ದೂರದ ಅಂಕಿ ಇಳಿಯುತ್ತಾ ಬಂದಂತೆ ವೇಗ ತಗ್ಗಿಸುವುದು. ಮೂರು ಮೀಟರ್ ಒಳಗೆ ಬಂದಾಗ ಯಂತ್ರವನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಸರಿಸಿ, ಅತಿ ಕಮ್ಮಿ ಅಂಕಿ ಬಂದ ಕಡೆಯಿಂದ ಪ್ರೋಬ್ ಚುಚ್ಚುತ್ತಾ ಸುತ್ತು ಹಾಕುವುದು. ಗಡಿಬಿಡಿಯಲ್ಲಿ ಎಲ್ಲರೂ ಯಂತ್ರವನ್ನು ಎದೆಮಟ್ಟಕ್ಕೆ ಎತ್ತಿಬಿಡುತ್ತಾರೆ. ಆಗ ಅಂಕಿ ಸರಿಯಾಗಿ ಇಳಿಯುವುದಿಲ್ಲ, ತಲೆ ಕೆಡುತ್ತದೆ. ಜೇಬಿನಲ್ಲಿರುವ ಫೋನ್ ಕೂಡ ಸಿಗ್ನಲ್ ಕೆಡಿಸುತ್ತದೆ. ಹುಡುಕುವಾಗ ಯಂತ್ರದಿಂದ ಅರ್ಧ ಮೀಟರಾದರೂ ದೂರ ಇರಬೇಕು, ಆಫ್ ಮಾಡಿದರೆ ಇನ್ನೂ ಒಳ್ಳೆಯದು. ವಿಡಿಯೋ ಮಾಡುತ್ತಾ ಹುಡುಕಿದ ಹುಡುಗನಿಗೆ ಇದು ಆ ಗದ್ದೆಯಲ್ಲೇ ಅರ್ಥವಾಯಿತು.

ಅಗೆಯುವ ಅಭ್ಯಾಸಕ್ಕೆ ಯಾರದಾದರೂ ಮನೆ ಕಟ್ಟಲು ತಂದ ಮರಳಿನ ರಾಶಿ ಇದ್ದೇ ಇರುತ್ತದೆ. ಹುಡುಕಲು ಎರಡು ಮೂರು ನಿಮಿಷ ಹಿಡಿದರೆ ಅಗೆಯಲು ಅದಕ್ಕಿಂತ ಎಷ್ಟೋ ಜಾಸ್ತಿ ಹಿಡಿಯುತ್ತದೆ. ಪ್ರೋಬ್ ಚುಚ್ಚಿದ ಜಾಗದ ಮೇಲೆ ನಿಂತು ನೆಟ್ಟಗೆ ಕೆಳಗೆ ಅಗೆಯಬಾರದು. ಇಳಿಜಾರಿನ ಕೆಳಬದಿಯಿಂದ ಅಡ್ಡಕ್ಕೆ ಕೊರೆದು ಬರಬೇಕು, ಒಬ್ಬರ ಹಿಂದೊಬ್ಬರು ನಿಂತು ಹಿಮ ಹಿಂದಕ್ಕೆ ದೂಡಬೇಕು. ಸುಸ್ತಾಗುವ ಮುಂಚೆಯೇ ಜಾಗ ಬದಲಿಸಬೇಕು. ನಮ್ಮ ಕಡೆ ಹುಡುಗಿಯರು ಇದರಲ್ಲಿ ಮುಂದು. ಮೂರು ಮಂದಿ ಹುಡುಗಿಯರ ಗುಂಪು ಮರಳು ತೆಗೆದ ವೇಗ ನೋಡಿ ಗಂಡುಹುಡುಗರು ಮಾತಿಲ್ಲದೆ ನಿಂತಿದ್ದರು.

ಇಷ್ಟೆಲ್ಲ ಸಾಮಾನು ಇದ್ದರೂ ಏಟು ಬಿದ್ದು ಸತ್ತವನನ್ನು ಇವು ಎಬ್ಬಿಸುವುದಿಲ್ಲ. ಹಾಗಾಗಿ ಸಿಕ್ಕಿಬೀಳದಿರುವುದೇ ಮುಖ್ಯ. ಬೆಟ್ಟ ಸುಮಾರು ಸಲ ಮೊದಲೇ ಹೇಳುತ್ತದೆ. ಅದೇ ದಿಕ್ಕಿನ ಬೇರೆ ಇಳಿಜಾರಿನಲ್ಲಿ ಹೊಸ ಕುಸಿತ ಕಂಡರೆ, ಹೆಜ್ಜೆ ಇಟ್ಟಾಗ ಹಿಮದ ಒಳಗಿಂದ "ಧುಪ್" ಅಂತ ಕುಸಿದ ಸದ್ದು ಬಂದರೆ, ಸ್ಕೀ ತುದಿಯಿಂದ ಬಿರುಕು ಮುಂದಕ್ಕೆ ಓಡಿದರೆ, ಇನ್ನು ಪರೀಕ್ಷೆ ಬೇಡ, ವಾಪಸ್ ಬನ್ನಿ. ಕಳೆದ ಒಂದೆರಡು ದಿನದಲ್ಲಿ ಜೋರು ಹಿಮ ಇಲ್ಲವೇ ಜೋರು ಗಾಳಿ ಇದ್ದರೆ, ಚಳಿ ಒಮ್ಮೆಲೇ ಇಳಿದು ಸೆಕೆ ಆದರೆ, ಕಾಯಿರಿ. ಚಂಡೀಗಢದ ಡಿಜಿಆರ್‌ಇ ಅನ್ನುವ ಡಿಆರ್‌ಡಿಒ ಸಂಸ್ಥೆ ಹಿಮಾಲಯದ ರಾಜ್ಯಗಳಿಗೆ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. 1969ರಲ್ಲಿ ಮನಾಲಿಯಲ್ಲಿ ಬೇರೆ ಹೆಸರಿನಲ್ಲಿ ಶುರುವಾದ ಕೆಲಸ ಅದು. ಅದನ್ನು ದಿನಾ ನೋಡಿ. ಆದರೆ ಅದು ಒಂದು ಜಿಲ್ಲೆಯ, ಒಂದು ಎತ್ತರದ ಮಾತು ಹೇಳುತ್ತದೆ. ನಿಮ್ಮ ಕೊರಕಲಿನ ಮಾತು ಹೇಳುವುದಿಲ್ಲ. ಅದಕ್ಕೆ ಅಕ್ಟೋಬರಿನಿಂದ ಆ ಬೆಟ್ಟ ನೋಡುತ್ತಾ ಬಂದ ಊರಿನವರನ್ನು ಕೇಳಬೇಕು. "ಮೊದಲ ಹಿಮ ಯಾವಾಗ ಬಿತ್ತು, ಯಾವ ಕಡೆ ಕರಗದೆ ಉಳಿಯಿತು?" ಈ ಒಂದು ಪ್ರಶ್ನೆಗೆ ಕುರಿ ಕಾಯುವವರಿಂದ ಸಿಗುವ ಉತ್ತರ ಎಷ್ಟೋ ಆ್ಯಪ್‌ಗಳಿಗಿಂತ ಉಪಯೋಗದ್ದು.

ಕೊನೆಯದಾಗಿ ನಮ್ಮಂಥ ದೂರದವರ ತೊಂದರೆ. ರಾಯಚೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ, ದೆಹಲಿಯಲ್ಲಿ ಇಳಿದು, ರಾತ್ರಿ ಬಸ್ಸಿನಲ್ಲಿ ಬೆಟ್ಟ ಸೇರುವಷ್ಟರಲ್ಲಿ ರಜೆಯ ಒಂದು ಭಾಗ ಮುಗಿದಿರುತ್ತದೆ. ವಾಪಸ್ ಟಿಕೆಟ್ ತಾರೀಖು ಬೆನ್ನಿಗೆ ಬಿದ್ದಿರುತ್ತದೆ. ಮನಾಲಿಯ ಹುಡುಗ ಇವತ್ತು ಬೇಡ ಅಂದರೆ ನಾಳೆ ಹೋಗುತ್ತಾನೆ, ನಾಡಿದ್ದು ಹೋಗುತ್ತಾನೆ. ನಮ್ಮ ಹುಡುಗನಿಗೆ ನಾಳೆ ಅನ್ನುವುದು ಮುಂದಿನ ವರ್ಷ. ಹಿಮ ಬಿದ್ದು ನಿಂತ ಮರುದಿನ, ಆಕಾಶ ನೀಲಿಯಾದಾಗ, ಎಲ್ಲಕ್ಕಿಂತ ಅಪಾಯ ಜಾಸ್ತಿ ಇರುವ ಹೊತ್ತಿನಲ್ಲೇ, ಅವನು ಹೊರಟುಬಿಡುತ್ತಾನೆ. ದುಡ್ಡು ಕೂಡಿಟ್ಟು ಬಂದವನಿಗೆ ಕೋಣೆಯಲ್ಲಿ ಕೂರು ಅನ್ನುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದರೂ ಹೇಳುತ್ತೇನೆ.

"ಹಂಗಂದ್ರ ಡಿಸೆಂಬರ್‌ನಾಗ ಹೋಗೋದೇ ಬ್ಯಾಡ ಅಂತೀಯೇನಣ್ಣಾ?" ಅಂತ ಆ ಮೊರದ ದಿನ ಒಬ್ಬಳು ಕೇಳಿದಳು. ಹಾಗಲ್ಲ ತಂಗಿ, ಹೋಗು. ಇಳಿಜಾರು 25 ಡಿಗ್ರಿಗಿಂತ ಕಮ್ಮಿ ಇರುವ, ಮೇಲೆ ಯಾವ ದೊಡ್ಡ ಇಳಿಜಾರೂ ನೇತಾಡದ ಜಾಗಗಳು ಹಿಮಾಲಯದಲ್ಲಿ ಬೇಕಾದಷ್ಟಿವೆ. ಇಳಿಜಾರು ಅಳೆಯಲು ಫೋನಿನ ಆ್ಯಪ್ ಸಾಕು. ಸ್ಕೀ ಕಲಿಯಲು, ಕಾಲು ಗಟ್ಟಿ ಮಾಡಿಕೊಳ್ಳಲು ಅಂಥ ಜಾಗವೇ ಸರಿ. ಐಸ್ ಬೇಕಾದರೆ ಮೇಲೆ ಬರೀ ಬಂಡೆ ಇರುವ, ಬುಡದವರೆಗೆ ಸಪಾಟು ದಾರಿ ಇರುವ ಜಲಪಾತ ಹುಡುಕು. ಎರಡು ಗುರಿ ಇಟ್ಟುಕೊಂಡು ಹೊರಡು, ಒಂದು ಆಸೆಯದು, ಒಂದು ಹಿಮ ಸರಿಯಿಲ್ಲದ ದಿನದ್ದು. ಎರಡನೆಯದಕ್ಕೂ ಮೊದಲಿನಷ್ಟೇ ತಯಾರಿ ಮಾಡು, ಇಲ್ಲದಿದ್ದರೆ ಅಲ್ಲಿ ಹೋದ ಮೇಲೆ ಅದು ನೆನಪಿಗೂ ಬರುವುದಿಲ್ಲ.

ಈ ಸಲ ಹೊರಟಿರುವ ತಂಡ ಹಾಗೇ ಮಾಡಿಕೊಂಡಿದೆ. ಸ್ಪಿತಿಯ ಕಾಜಾ ಊರಿನ ಗೈಡ್ ಜೊತೆ ಮಾತಾಡಿ, ಮೇಲೆ ಬೋಗುಣಿ ಇಲ್ಲದ ಎರಡು ಜಲಪಾತಗಳನ್ನು ನಕ್ಷೆಯಲ್ಲಿ ಗುರುತು ಮಾಡಿದ್ದಾರೆ. ಕೊರಕಲಿನ ಒಳಗಿನದನ್ನು, ಅವರಿಗೆ ಬಹಳ ಇಷ್ಟವಾಗಿದ್ದನ್ನೇ, ಪಟ್ಟಿಯಿಂದ ತೆಗೆದಿದ್ದಾರೆ. ಟ್ರಾನ್ಸ್‌ಸೀವರ್‌ಗಳಿಗೆ ಹೊಸ ಬ್ಯಾಟರಿ ಬಂದಿದೆ. ವಾಪಸ್ ಟಿಕೆಟ್ ಮಾತ್ರ ಇನ್ನೂ ತೆಗೆದಿಲ್ಲ. ಅಲ್ಲಿಂದಲೇ ತೆಗೆಸುತ್ತಾರಂತೆ.